ನಡುವ ನಮ್ಮದು

“ಮರಾಠಿ ಕೇಳ್ತಂದ್ರ ಮುಂದ ಹೋಗೀದಿ. ತೆಲುಗು ಕೇಳ್ತಂದ್ರ ಹಿಂದ ಉಳದೀದಿ. ನಡುವ ನಮ್ಮದು ಅದ ನೋಡು.”

ರೇಡಿಯೋದ ಗುಂಡಿ ತಿರುವುವಾಗ ಅವ್ವ ನನಗೆ ಹೇಳುತ್ತಿದ್ದ ಮಾತು ಇದು. ಅವ್ವನಿಗೆ ಓದು ಬರುತ್ತಿರಲಿಲ್ಲ. ಅಂಕಿಗಳೂ ಗೊತ್ತಿರಲಿಲ್ಲ. ಗೊತ್ತಿದ್ದರೂ ನಮ್ಮ ರೇಡಿಯೋದಲ್ಲಿ ಅವು ಉಪಯೋಗಕ್ಕೆ ಬರುತ್ತಿರಲಿಲ್ಲ. ಮುಳ್ಳನ್ನು ಎಳೆಯುವ ಸಣ್ಣ ದಾರ ಸಡಿಲಾಗಿತ್ತು. ಗುಂಡಿ ಅರ್ಧ ಸುತ್ತು ತಿರುಗಿದ ಮೇಲೆ ಮುಳ್ಳು ಎದ್ದು ಹೊರಡುತ್ತಿತ್ತು. ಮುಳ್ಳು 90ರ ಹತ್ತಿರ ನಿಂತಿದ್ದರೂ ಒಳಗೆ ಮಾತಾಡುತ್ತಿದ್ದದ್ದು 110ರ ಹತ್ತಿರದ ಕಲಬುರಗಿ. (ಪಟ್ಟಿಯ ಮೇಲೆ ಕೊನೆಯ ಸೊನ್ನೆ ಬಿಟ್ಟು ಬರೆದಿತ್ತು, 110 ಎಂದರೆ 1100.)

ಆಳಂದ ತಾಲೂಕಿನ ನಮ್ಮ ಊರು ಮಹಾರಾಷ್ಟ್ರದ ಗಡಿಗೆ ಹತ್ತಿರ. ಸಂತೆಗೆ ಬರುವವರಲ್ಲಿ ಅರ್ಧ ಜನ ಮರಾಠಿ ಮಾತಾಡುತ್ತಿದ್ದರು. ಪೂರ್ವಕ್ಕೆ ಹೋದರೆ, ಸೇಡಂ ದಾಟಿದ ಮೇಲೆ, ತೆಲುಗು. ಪೇಟೆಯ ಅಂಗಡಿಗಳಲ್ಲಿ ಉರ್ದು. ಇವೆಲ್ಲದರ ನಡುವೆ ನಮ್ಮ ಕನ್ನಡ. ನೆಲದ ಮೇಲೆ ಹೇಗಿತ್ತೋ ರೇಡಿಯೋದ ಪಟ್ಟಿಯ ಮೇಲೂ ಹಾಗೇ ಇತ್ತು. ಹೈದರಾಬಾದ್ 738 ಕಿಲೋಹರ್ಟ್ಸ್ (ಅಲೆ ಸೆಕೆಂಡಿಗೆ ಎಷ್ಟು ಸಾವಿರ ಸಲ ಕಂಪಿಸುತ್ತದೆ ಎನ್ನುವ ಅಳತೆ). ಕಲಬುರಗಿ 1107. ಪರಭಣಿ 1305. ಎಡಕ್ಕೆ ತೆಲುಗು, ಬಲಕ್ಕೆ ಮರಾಠಿ, ನಡುವೆ ನಮ್ಮದು. ಅಂಕಿ ಓದಲು ಬಾರದ ಅವ್ವ ಇದನ್ನು ಕಿವಿಯಿಂದಲೇ ಕಂಡುಕೊಂಡಿದ್ದಳು. ಈ ಅಂಕಿಗಳನ್ನು ಅವ್ವನ ಮಾತಿನ ಜೊತೆ ಇಟ್ಟು ನಾನು ನೋಡಿದ್ದು ಎಷ್ಟೋ ವರ್ಷ ಆದಮೇಲೆ. ಆಗ ಅವ್ವನ ಲೆಕ್ಕ ಎಷ್ಟು ಸರಿಯಾಗಿತ್ತು ಅನ್ನುವುದು ತಿಳಿದು ಸುಮ್ನೆ ಕೂತುಬಿಟ್ಟೆ.

ಇನ್ನೊಂದು ದಾರಿ ಕಾಕಾನದು. ಕಾಕಾ ಲಾರಿ ಓಡಿಸುತ್ತಿದ್ದ. ಕಲಬುರಗಿಯ ದಾಲ್ ಮಿಲ್‌ಗಳಿಂದ ತೊಗರಿಬೇಳೆ ಹೇರಿಕೊಂಡು ಹೈದರಾಬಾದ್, ಮುಂಬೈ, ನಾಗಪುರಕ್ಕೆ ಹೋಗುತ್ತಿದ್ದ. ಹೋದರೆ ವಾರ, ಹತ್ತು ದಿನ. ಮೊಬೈಲ್ ಇಲ್ಲದ ಕಾಲ. ಅವನ ಜೊತೆಗಿದ್ದದ್ದು ಒಬ್ಬ ಕ್ಲೀನರ್ ಹುಡುಗ ಮತ್ತು ಚರ್ಮದ ಕವಚದ ಒಂದು ಟ್ರಾನ್ಸಿಸ್ಟರ್. ಲಾರಿಯ ಗಾಜಿನ ಮೇಲ್ಗಡೆ, ಬಸವಣ್ಣನ ಫೋಟೋದ ಕೆಳಗೆ, ಪೇಂಟರ್ ಕಡೆಯಿಂದ ಹಳದಿ ಬಣ್ಣದಲ್ಲಿ ಅಂಕಿಗಳನ್ನು ಬರೆಸಿದ್ದ. 1107ರ ಮುಂದೆ “ಮನಿ” ಎಂದು ಬರೆದಿತ್ತು. ಆಮೇಲೆ 738 ಹೈದ್ರಾಬಾದ, 1305 ಪರಭಣಿ, 792 ಪುಣೆ, 1044 ಬೊಂಬಾಯಿ, 585 ನಾಗಪುರ, 765 ಧಾರವಾಡ, 612 ಬೆಂಗಳೂರು. ಎಲ್ಲಕ್ಕಿಂತ ಕೆಳಗೆ, ಸ್ವಲ್ಪ ದೊಡ್ಡದಾಗಿ, “1566 ರಾತ್ರಿ”.

ನಾನು ಮಗ್ಗಿ ಕಲಿಯುತ್ತಿದ್ದ ವಯಸ್ಸು. ಲಾರಿಯಲ್ಲಿ ಕೂತು ಆ ಅಂಕಿಗಳನ್ನು ಓದುವುದು ನನಗೆ ಆಟ. ಒಮ್ಮೆ ಕಾಕಾ ಹೇಳಿದ: “ತಮ್ಮಾ, ಯಾವ್ದರ ಒಂದು ಅಂಕಿ ತಗೋ. ಬಿಡಿಸಿ ಕೂಡಸು.” 7, 3, 8 ಕೂಡಿದರೆ 18. 7, 6, 5 ಕೂಡಿದರೂ 18. 1, 1, 0, 7 ಕೂಡಿದರೆ 9. ಎಲ್ಲವೂ ಒಂಬತ್ತರ ಮಗ್ಗಿಯಲ್ಲೇ ಬರುತ್ತಿದ್ದವು! ನನಗೆ ಮೈ ಜುಮ್ಮೆಂದಿತ್ತು. ಇದು ದೇವರ ಲೆಕ್ಕ ಎಂದೇ ತಿಳಿದಿದ್ದೆ. ಕಾಕಾನೂ ಹಾಗೇ ತಿಳಿದಿದ್ದನೋ ಏನೋ.

ಲೆಕ್ಕ ಮನುಷ್ಯರದ್ದೇ. ಈ ಕೇಂದ್ರಗಳೆಲ್ಲ ಬರುವ ಮೀಡಿಯಂ ವೇವ್ ಪಟ್ಟಿಯಲ್ಲಿ ಜಾಗ ಕಡಿಮೆ, ಕೇಂದ್ರಗಳು ಜಾಸ್ತಿ. ಒಬ್ಬರ ಮೇಲೆ ಒಬ್ಬರು ಬೀಳದಂತೆ ಹಂಚಿಕೊಳ್ಳಬೇಕು. ಅದಕ್ಕಾಗಿ 1975ರಲ್ಲಿ ಜಿನೀವಾದಲ್ಲಿ ದೇಶಗಳೆಲ್ಲ ಕೂತು ಒಪ್ಪಂದ ಮಾಡಿಕೊಂಡವು. ಏಷ್ಯಾ, ಯುರೋಪ್, ಆಫ್ರಿಕಾಗಳಲ್ಲಿ ಒಂದು ಕೇಂದ್ರಕ್ಕೂ ಪಕ್ಕದ ಕೇಂದ್ರಕ್ಕೂ 9 ಕಿಲೋಹರ್ಟ್ಸ್ ಅಂತರ ಇರಬೇಕು, ಅಂಕಿಯೂ 9ರಿಂದ ಭಾಗವಾಗಬೇಕು ಎಂದು ಗೊತ್ತು ಮಾಡಿದರು. 1978ರ ನವೆಂಬರ್‌ನಲ್ಲಿ ಅದು ಜಾರಿಗೆ ಬಂತು. ಅಮೆರಿಕದ ಕಡೆ ಮಾತ್ರ 10ರ ಅಂತರ ಉಳಿಯಿತು. ಅಲ್ಲಿಂದ ತಂದ ಡಿಜಿಟಲ್ ರೇಡಿಯೋ ಹತ್ತು ಹತ್ತಕ್ಕೆ ಜಿಗಿಯುತ್ತದೆ. 1100ರಿಂದ 1110ಕ್ಕೆ ಹೋಗುತ್ತದೆ, ನಡುವಿನ 1107ರ ಮೇಲೆ ನಿಲ್ಲುವುದಿಲ್ಲ. ಅಂಥ ರೇಡಿಯೋ ಕೈಗೆ ಬಂದರೆ ಹಿಂದುಗಡೆ 9 ಮತ್ತು 10 ಎಂದು ಬರೆದ ಸಣ್ಣ ಸ್ವಿಚ್ ಇದೆಯಾ ಎಂದು ಹುಡುಕಿ ನೋಡಿ.

ಕಲಬುರಗಿ ಕೇಂದ್ರ ಶುರುವಾದದ್ದು 1966ರಲ್ಲಿ. ನಮ್ಮ ಭಾಗ ಮೈಸೂರು ರಾಜ್ಯಕ್ಕೆ ಸೇರಿ ಆಗ ಹತ್ತು ವರ್ಷ ಆಗಿತ್ತು. ಅದಕ್ಕೂ ಮುಂಚೆ ನಾವು ಹೈದರಾಬಾದ್ ಸಂಸ್ಥಾನದವರು. ಅಲ್ಲಿ ನಿಜಾಮರ ಡೆಕ್ಕನ್ ರೇಡಿಯೋ ಇತ್ತು, ಮುಖ್ಯವಾಗಿ ಉರ್ದು. 1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದಾಗ ನಿಜಾಮರು ಆ ರೇಡಿಯೋದಲ್ಲೇ ಮಾತಾಡಿದರು. 1950ರಲ್ಲಿ ಅದು ಆಕಾಶವಾಣಿಗೆ ಸೇರಿತು. ಅದೇ ವರ್ಷದ ಜನವರಿಯಲ್ಲಿ ಧಾರವಾಡ ಕೇಂದ್ರ ಶುರುವಾಗಿತ್ತು. “ಆಕಾಶವಾಣಿ” ಅನ್ನುವ ಹೆಸರು ಹುಟ್ಟಿದ್ದೇ ಕನ್ನಡ ನೆಲದಲ್ಲಿ, ಮೈಸೂರಿನಲ್ಲಿ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಮನೆಯಲ್ಲೇ ಸಣ್ಣ ಪ್ರಸಾರ ಯಂತ್ರ ಇಟ್ಟುಕೊಂಡು ಅದನ್ನು ನಡೆಸಿದರು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮ ಅಜ್ಜನ ಪೀಳಿಗೆಯವರಿಗೆ ರೇಡಿಯೋ ಎಂದರೆ ಹೈದರಾಬಾದ್. ಕನ್ನಡ ಬೇಕೆಂದರೆ ರಾತ್ರಿ ಆಗುವುದನ್ನು ಕಾಯಬೇಕು, ದೂರದ ಧಾರವಾಡ ತೇಲಿ ಬರಬೇಕು. ಕಲಬುರಗಿ ಕೇಂದ್ರ ಬಂದ ಮೇಲೆ ಹಗಲು ಹೊತ್ತಿನಲ್ಲೂ, ಹೊಲದಲ್ಲಿ ಕೂತು, ನಮ್ಮ ಮಾತು ಕೇಳುವಂತಾಯಿತು. ತೊಗರಿಗೆ ಕಾಯಿಕೊರಕ ಬಿದ್ದರೆ ಏನು ಮಾಡಬೇಕು ಎಂದು ಕನ್ನಡದಲ್ಲಿ ಹೇಳುವವರು ಸಿಕ್ಕರು. ಇದು ಸಣ್ಣ ವಿಷಯ ಅಲ್ಲ.

ಕೇಂದ್ರ ಯಾವುದು ಎಂದು ಗುರುತು ಹಿಡಿಯುವುದು ಮೊದಮೊದಲು ಬಹಳ ಕಷ್ಟ. ಬೆಳಗಿನ ಜಾವ ಪ್ರಸಾರ ಶುರುವಾಗುವ ಮುಂಚೆ ಬರುವ ಆ ರಾಗ ಎಲ್ಲ ಕೇಂದ್ರಗಳಲ್ಲೂ ಒಂದೇ. ತಂಬೂರಿ ಶ್ರುತಿ, ಅದರ ಮೇಲೆ ಪಿಟೀಲು. ಅದನ್ನು ಮಾಡಿದವರು ವಾಲ್ಟರ್ ಕೌಫ್‌ಮನ್. ಯುರೋಪಿನಿಂದ 1934ರಲ್ಲಿ ಮುಂಬೈಗೆ ಬಂದು ಆಕಾಶವಾಣಿಯಲ್ಲಿ ಕೆಲಸಕ್ಕೆ ಸೇರಿದ ಯಹೂದಿ ಸಂಗೀತಗಾರ. ನಿರಾಶ್ರಿತನಾಗಿ ಬಂದವನೊಬ್ಬ ಕೊಟ್ಟ ಆ ರಾಗದಿಂದ ಇಡೀ ದೇಶಕ್ಕೆ ಬೆಳಗಾಗುತ್ತಿತ್ತು. ನನಗೆ ಈಗಲೂ ಅದನ್ನು ಕೇಳಿದರೆ ಬೆಳಗಿನ ಚಳಿ, ಒಲೆಯ ಹೊಗೆ, ಚಹಾದ ವಾಸನೆ ಎಲ್ಲ ಒಟ್ಟಿಗೆ ಬರುತ್ತವೆ. ಆದರೆ ಕೇಂದ್ರ ಯಾವುದು ಎಂದು ರಾಗ ಹೇಳುವುದಿಲ್ಲ. ರಾಗ ಮುಗಿಯುವವರೆಗೆ ಕಾಯಬೇಕು. ಆಮೇಲೆ ಮೊದಲ ಮಾತು ಬರುತ್ತದೆ.

ಬೆಳಿಗ್ಗೆ 7.35ಕ್ಕೆ ದೆಹಲಿಯಿಂದ ಬರುತ್ತಿದ್ದ ಕನ್ನಡ ವಾರ್ತೆಯದ್ದೂ ಇದೇ ಕಥೆ. ಓದುವವರು ಒಬ್ಬರೇ. ಅದೇ ಧ್ವನಿ 612ರಲ್ಲಿ, 675ರ ಭದ್ರಾವತಿಯಲ್ಲಿ, 765ರಲ್ಲಿ, 1107ರಲ್ಲಿ. ಚಿಕ್ಕವನಿದ್ದಾಗ ನನಗೆ ಇದು ಅರ್ಥವಾಗುತ್ತಿರಲಿಲ್ಲ. ಒಬ್ಬ ಮನುಷ್ಯ ನಾಲ್ಕು ಕಡೆ ಕೂತು ಹೇಗೆ ಓದುತ್ತಾನೆ? ಕಾಕಾ ಹೇಳಿದ ಉತ್ತರ ನನಗೆ ಈಗಲೂ ಸಾಕು: “ಭಾವಿ ಒಂದೇ, ನಳ ಬ್ಯಾರೆ ಬ್ಯಾರೆ.” ದೇಶದ ರೇಡಿಯೋಕ್ಕೆ ದೇಶಕ್ಕೆಲ್ಲ ಒಂದೇ ಅಂಕಿ ಇರುವುದಿಲ್ಲ. ಊರು ಬದಲಾದಂತೆ ನಳ ಬದಲಾಗುತ್ತದೆ. ನಿಮ್ಮ ಊರಿನ ನಳ ಎಲ್ಲಿದೆ ಎನ್ನುವುದು ನಿಮಗೆ ಗೊತ್ತಿರಬೇಕು.

ಕೇಂದ್ರ ತನ್ನ ಹೆಸರು ಹೇಳುವಾಗ ಅಂಕಿಯನ್ನೂ ಹೇಳುವ ಪದ್ಧತಿ ಇತ್ತು. ಮಧ್ಯಮ ತರಂಗಾಂತರ ಇಷ್ಟು ಮೀಟರ್, ಅಂದರೆ ಇಷ್ಟು ಕಿಲೋಹರ್ಟ್ಸ್. ಎರಡನ್ನೂ ಯಾಕೆ ಹೇಳುತ್ತಾರೆ ಎಂದು ನಮ್ಮ ಶಾಲೆಯ ಮಾಸ್ತರರನ್ನು ಕೇಳಿದ್ದೆ. ಅವರು ಹಲಗೆಯ ಮೇಲೆ 3,00,000 ಬರೆದು 1107ರಿಂದ ಭಾಗಿಸಿದರು. 271 ಬಂತು. “ಇದು ಒಂದು ಅಲೆಯ ಉದ್ದ, ಮೀಟರಿನಾಗ” ಎಂದರು. ನಮ್ಮ ಊರಿನ ಅಗಸಿಯಿಂದ ಹನುಮಪ್ಪನ ಗುಡಿಯವರೆಗೆ ಅಷ್ಟೇ ದೂರ ಇರಬಹುದು. ಅಷ್ಟು ಉದ್ದದ ಅಲೆಗಳು ಕಾಣದಂತೆ ನಮ್ಮ ಮನೆಯ ಮೇಲೆ ಹಾದು ಹೋಗುತ್ತಿವೆ ಎಂದು ಆ ದಿನ ಮಾಳಿಗೆ ಮೇಲೆ ನಿಂತು ಆಕಾಶ ನೋಡಿದ್ದೆ.

ಉದ್ದದ ಅಲೆ ಆದ್ದರಿಂದಲೇ ಅದು ನೆಲ ಹಿಡಿದು ಹೋಗುತ್ತದೆ. ದಿಬ್ಬ, ಹಳ್ಳ ಅಡ್ಡ ಬಂದರೂ ಮೈ ಬಾಗಿಸಿ ದಾಟುತ್ತದೆ. ಒಣಗಿದ ಕಲ್ಲು ನೆಲಕ್ಕಿಂತ ಹಸಿ ಇರುವ ನೆಲದ ಮೇಲೆ ಹೆಚ್ಚು ದೂರ ಹೋಗುತ್ತದೆ. ನಮ್ಮದು ಎರಿ ಭೂಮಿ, ಕಪ್ಪು ಮಣ್ಣು, ಮಳೆ ಬಿದ್ದರೆ ತಿಂಗಳುಗಟ್ಟಲೆ ಹಸಿ ಹಿಡಿದಿಡುತ್ತದೆ. ಮಳೆಗಾಲ ಮುಗಿದ ಮೇಲೆ “ಮನಿ” ಇನ್ನೂ ದೂರದವರೆಗೆ ಜೊತೆಗೆ ಬರುತ್ತದೆ ಎಂದು ಕಾಕಾ ಹೇಳುತ್ತಿದ್ದ. ಆಗ ನಾವು ನಂಬಿರಲಿಲ್ಲ. ಕಾಕಾ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮಳೆ ಬರುವ ಮುಂಚೆ ಮಾತ್ರ ಬೇರೆ. ಮುಂಗಾರಿನ ಮೋಡ ಕಟ್ಟಿದರೆ ದೂರದ ಒಂದೊಂದು ಮಿಂಚಿಗೂ ರೇಡಿಯೋ ಚಟ್ ಎನ್ನುತ್ತಿತ್ತು. ನಮಗೆ ಗುಡುಗು ಕೇಳುವ ಎಷ್ಟೋ ಮುಂಚೆ ರೇಡಿಯೋಕ್ಕೆ ಕೇಳಿಸುತ್ತಿತ್ತು. ಆ ಚಟಚಟ ಜಾಸ್ತಿ ಆದರೆ ಅವ್ವ ಅಂಗಳದಲ್ಲಿ ಹರವಿದ ಜೋಳ ಎತ್ತಿಡಲು ಹೇಳುತ್ತಿದ್ದಳು.

ರಾತ್ರಿಯಾದರೆ ಮೀಡಿಯಂ ವೇವ್ ಬೇರೆಯೇ ಲೋಕ. ಹಗಲು ಹೊತ್ತಿನಲ್ಲಿ ಬಿಸಿಲಿನಿಂದಾಗಿ ಆಕಾಶದ ಎತ್ತರದಲ್ಲಿ ಒಂದು ಪದರ ಹುಟ್ಟುತ್ತದೆ. ಮೇಲೆ ಹೋದ ಅಲೆಗಳನ್ನು ಅದು ನುಂಗಿಬಿಡುತ್ತದೆ. ಹೊತ್ತು ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಅದಕ್ಕಿಂತ ಮೇಲಿನ ಪದರಗಳು ಮಾತ್ರ ಉಳಿಯುತ್ತವೆ. ಅವು ಅಲೆಗಳನ್ನು ನುಂಗುವುದಿಲ್ಲ, ಬಗ್ಗಿಸಿ ನೆಲಕ್ಕೆ ವಾಪಸ್ ಕಳಿಸುತ್ತವೆ. ಅದಕ್ಕೇ ಹಗಲು ಸಿಗದ ಬೆಂಗಳೂರು ರಾತ್ರಿ ಎಂಟರ ಮೇಲೆ ನಮ್ಮ ಮಾಳಿಗೆ ಮೇಲೆ ಸಿಗುತ್ತಿತ್ತು. ಮದ್ರಾಸು 720ರಲ್ಲಿ, ಅಹಮದಾಬಾದ್ 846ರಲ್ಲಿ, ಕಟಕ್ 972ರಲ್ಲಿ. ಧ್ವನಿ ಹತ್ತಿರ ಬಂದಂತಾಗಿ ಮತ್ತೆ ದೂರ ಹೋಗುತ್ತಿತ್ತು. ತೊಟ್ಟಿಲು ತೂಗಿದ ಹಾಗೆ. ಯಾವ ಭಾಷೆ ಎಂದೇ ತಿಳಿಯದ ಮಾತನ್ನು ನಾನು ಗಂಟೆಗಟ್ಟಲೆ ಕೇಳಿದ್ದೇನೆ. ಒಡಿಯಾ ಎಂಬ ಭಾಷೆ ಒಂದಿದೆ ಎಂದು ನನಗೆ ಪುಸ್ತಕಕ್ಕಿಂತ ಮೊದಲು ಹೇಳಿದ್ದು ಆ ರೇಡಿಯೋ.

ಎರಡು ಕೇಂದ್ರ ಒಂದರ ಮೇಲೊಂದು ಬಿದ್ದರೆ ಏನು ಮಾಡಬೇಕು ಎಂದೂ ಕಾಕಾ ಕಲಿಸಿದ್ದ. ಗುಂಡಿ ಮುಟ್ಟಬಾರದು, ರೇಡಿಯೋವನ್ನೇ ತಿರುಗಿಸಬೇಕು. ಒಳಗೆ ಪೆನ್ಸಿಲಿಗಿಂತ ದಪ್ಪನೆಯ ಕಪ್ಪು ಕೋಲು ಇರುತ್ತದೆ, ಅದಕ್ಕೆ ತಾಮ್ರದ ತಂತಿ ಸುತ್ತಿರುತ್ತಾರೆ. ಮೀಡಿಯಂ ವೇವ್‌ಗೆ ಅದೇ ಏರಿಯಲ್. ಮೇಲಿನ ಉದ್ದನೆಯ ಕಡ್ಡಿ ಇದಕ್ಕೆ ಸಂಬಂಧಪಟ್ಟದ್ದಲ್ಲ. ಕೋಲಿನ ಮಗ್ಗುಲು ಕೇಂದ್ರದ ಕಡೆ ಇದ್ದರೆ ಧ್ವನಿ ಜೋರು. ಕೋಲಿನ ತುದಿ ಕೇಂದ್ರದ ಕಡೆ ಇದ್ದರೆ ಧ್ವನಿ ಸಣ್ಣದಾಗುತ್ತದೆ. ಬೇಡದ ಕೇಂದ್ರದ ಕಡೆ ತುದಿ ಮಾಡಿದರೆ ಬೇಕಾದದ್ದು ಎದ್ದು ಬರುತ್ತದೆ. ಕಾಕಾ ಢಾಬಾದ ಹೊರಸಿನ ಮೇಲೆ ರೇಡಿಯೋ ಇಟ್ಟು, ರೊಟ್ಟಿ ತಿನ್ನುವಾಗ ಎಡಗೈಯಿಂದ ಅದನ್ನು ಮೆಲ್ಲಗೆ ತಿರುಗಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಲಾರಿಯ ತಗಡಿನ ಒಳಗೆ ಅಲೆ ಸರಿಯಾಗಿ ಬರುವುದಿಲ್ಲ. ಓಡಿಸುವಾಗ ಕಿಟಕಿಯ ಪಕ್ಕ ನೇತುಹಾಕುತ್ತಿದ್ದ.

ಇನ್ನು “1566 ರಾತ್ರಿ”. ನಾಗಪುರದಲ್ಲಿ ಆಕಾಶವಾಣಿಗೆ 1000 ಕಿಲೋವ್ಯಾಟ್‌ನ ಪ್ರಸಾರ ಯಂತ್ರ ಇತ್ತು. ಬೆಂಗಳೂರು, ಧಾರವಾಡ, ಹೈದರಾಬಾದ್‌ಗಳದ್ದು 200 ಕಿಲೋವ್ಯಾಟ್. ಅದರ ಐದು ಪಟ್ಟು ಇದು. ದೇಶದ ನಡು ಮಧ್ಯದಲ್ಲಿರುವ ಊರು. ರಾತ್ರಿ ಹೊತ್ತು ಅಲ್ಲಿಂದ ಹೊರಟ ಅಲೆ ದೇಶದ ನಾಲ್ಕೂ ದಿಕ್ಕಿಗೆ ಹೋಗುತ್ತಿತ್ತು. 1988ರಲ್ಲಿ ಆಕಾಶವಾಣಿಯ ರಾಷ್ಟ್ರೀಯ ಚಾನೆಲ್ ಶುರುವಾದಾಗ ಈ 1566ರಲ್ಲೇ ಸಂಜೆಯಿಂದ ಬೆಳಗಿನವರೆಗೆ ಪ್ರಸಾರ ಬರತೊಡಗಿತು. ಬೇರೆ ಕೇಂದ್ರಗಳೆಲ್ಲ ರಾತ್ರಿ ಮಲಗಿದ ಮೇಲೂ ಅದು ಎದ್ದಿರುತ್ತಿತ್ತು. ಊರು ಬದಲಾದರೆ ಅಂಕಿ ಬದಲಾಗಬೇಕು ಎನ್ನುವ ನಿಯಮ ರಾತ್ರಿ ಕಾಕಾನಿಗೆ ಇರಲಿಲ್ಲ. ಸೊಲ್ಲಾಪುರದಲ್ಲೂ 1566, ವಿಜಯವಾಡದಲ್ಲೂ 1566. ರಾತ್ರಿ ಲಾರಿ ಓಡಿಸುವವರಿಗೆ, ಕಾವಲು ಕಾಯುವವರಿಗೆ, ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಕೂತವರಿಗೆ ಅದು ಎಷ್ಟು ದೊಡ್ಡ ಆಸರೆ ಎಂದು ಹಗಲು ದುಡಿದು ರಾತ್ರಿ ಮಲಗುವವರಿಗೆ ತಿಳಿಯುವುದು ಕಷ್ಟ.

ನಮಗೆ ಅದು ತಿಳಿದದ್ದು 1993ರ ಸೆಪ್ಟೆಂಬರ್ 30ರಂದು.

ಹಿಂದಿನ ದಿನ ಗಣಪತಿ ಕಳಿಸಿ ಬಂದು ಊರೆಲ್ಲ ದಣಿದು ಮಲಗಿತ್ತು. ಬೆಳಗಿನ ಜಾವ ನಾಲ್ಕಕ್ಕೆ ನಾಲ್ಕು ನಿಮಿಷ ಇತ್ತು. ನೆಲದ ಒಳಗಿಂದ ದೊಡ್ಡ ಲಾರಿ ಬಂದ ಹಾಗೆ ಸಪ್ಪಳ. ಗೂಡಿನಲ್ಲಿದ್ದ ತಾಮ್ರದ ಚರಿಗೆ ಕೆಳಗೆ ಬಿತ್ತು. ಮಾಳಿಗೆಯಿಂದ ಮಣ್ಣು ಸುರಿಯಿತು. ಅಪ್ಪ ನಮ್ಮನ್ನು ಒಬ್ಬೊಬ್ಬರನ್ನಾಗಿ ಹೊರಗೆ ಎಳೆದುಹಾಕಿದ. ಊರೆಲ್ಲ ಓಣಿಯಲ್ಲಿ. ಕತ್ತಲೆ. ನಾಯಿಗಳ ಕೂಗು. ಯಾರಿಗೂ ಒಳಗೆ ಹೋಗಲು ಧೈರ್ಯ ಇಲ್ಲ. ನಮ್ಮ ಮನೆಗಳೆಲ್ಲ ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಭಾರದ ಮಾಳಿಗೆ.

ಕಾಕಾ ಆ ದಿನ ಊರಲ್ಲೇ ಇದ್ದ. ಲಾರಿಯಿಂದ ಟ್ರಾನ್ಸಿಸ್ಟರ್ ತಂದು ಹನುಮಪ್ಪನ ಕಟ್ಟೆಯ ಮೇಲೆ ಇಟ್ಟ. 1107ರಲ್ಲಿ ಸುಂಯ್ ಅನ್ನುವ ಸದ್ದು ಮಾತ್ರ. ಕಲಬುರಗಿ ಶುರುವಾಗಲು ಇನ್ನೂ ಸಮಯ ಇತ್ತು. 738ರಲ್ಲೂ ಏನಿಲ್ಲ. ಆಮೇಲೆ ಮುಳ್ಳನ್ನು ಬಲಗಡೆ ತುದಿಗೆ ಒಯ್ದ. 1566ರಲ್ಲಿ ಯಾವುದೋ ಹಿಂದಿ ಹಾಡು ಬರುತ್ತಿತ್ತು. ಹಾಡಷ್ಟೇ. ಸುದ್ದಿ ಇರಲಿಲ್ಲ. ಆದರೂ ಕಟ್ಟೆಯ ಸುತ್ತ ನಿಂತವರೆಲ್ಲ ಒಮ್ಮೆ ಉಸಿರು ಬಿಟ್ಟಿದ್ದು ನನಗೆ ನೆನಪಿದೆ. ಒಬ್ಬ ಮುದುಕ ಹೇಳಿದ: “ನಾಗಪೂರ ಇದ್ದಲ್ಲೇ ಅದ. ದೇಶ ಉಳದದ.” ಏನಾಗಿದೆ ಎಂದು ಗೊತ್ತಿರದ ಆ ಕತ್ತಲೆಯಲ್ಲಿ, ಎಲ್ಲೋ ದೂರದಲ್ಲಿ ಒಬ್ಬ ಮನುಷ್ಯ ಎದ್ದು ಕೂತು ಹಾಡು ಹಚ್ಚುತ್ತಿದ್ದಾನೆ ಎನ್ನುವುದೇ ನಮಗೆ ಆ ಹೊತ್ತಿಗೆ ದೊಡ್ಡ ಸುದ್ದಿ.

ಬೆಳಕು ಹರಿದ ಮೇಲೆ ಕಲಬುರಗಿ ಬಂತು. ಲಾತೂರು, ಉಸ್ಮಾನಾಬಾದ್ ಎಂಬ ಹೆಸರುಗಳು ಕೇಳಿದವು. ಕಿಲ್ಲಾರಿ ಹೆಸರು ಕೇಳಿದಾಗ ಅವ್ವ ಕೂತಲ್ಲೇ ತಲೆ ಹಿಡಿದುಕೊಂಡಳು. ಅಲ್ಲಿಂದ ಎತ್ತಿನ ವ್ಯಾಪಾರಕ್ಕೆ ಬರುವವರು ನಮ್ಮ ಮನೆಯಲ್ಲಿ ನೀರು ಕುಡಿದು ಹೋಗುತ್ತಿದ್ದರು. ಆ ಭೂಕಂಪದಲ್ಲಿ ಹತ್ತು ಸಾವಿರದಷ್ಟು ಜನ ತೀರಿಕೊಂಡರು. ಅವರ ಮನೆಗಳೂ ನಮ್ಮವೇ ಥರದ ಕಲ್ಲು ಮಣ್ಣಿನ ಗೋಡೆಯವು. ಆ ತಿಂಗಳೆಲ್ಲ ನಾವು ಹೊರಗೇ ಮಲಗಿದೆವು. ಪ್ರತಿ ರಾತ್ರಿ ಯಾರಾದರೂ ಒಬ್ಬರು ಎದ್ದು 1566 ಹಚ್ಚಿ, ಧ್ವನಿ ಕೇಳಿ, ಮತ್ತೆ ಆರಿಸಿ ಮಲಗುತ್ತಿದ್ದರು. ಸೆಲ್ ಉಳಿಸಬೇಕಿತ್ತು.

2019ರ ಶುರುವಿನಲ್ಲಿ ರಾಷ್ಟ್ರೀಯ ಚಾನೆಲ್ ಮುಚ್ಚಿದ ಸುದ್ದಿಯನ್ನು ಪೇಪರಿನ ಮೂಲೆಯಲ್ಲಿ ಓದಿದೆ. ಖರ್ಚು ಜಾಸ್ತಿ, ಕೇಳುವವರು ಕಡಿಮೆ ಎಂಬ ಕಾರಣ. ಖರ್ಚಿನ ಮಾತು ನನಗೂ ಅರ್ಥವಾಗುತ್ತದೆ. ಆದರೆ ಕತ್ತಲಲ್ಲಿ ಕಟ್ಟೆಯ ಸುತ್ತ ನಿಂತವರನ್ನು ಯಾವ ಲೆಕ್ಕದಲ್ಲಿ ಹಿಡಿಯಬೇಕು? ಅವರು ಪತ್ರ ಬರೆಯುವವರಲ್ಲ. ಯಾವ ಸಮೀಕ್ಷೆಗೂ ಸಿಗುವವರಲ್ಲ. ನನಗೆ ಆ ದಿನ ಬಹಳ ಬೇಜಾರಾಯಿತು. ಅಷ್ಟು ಹೊತ್ತಿಗೆ ಕಾಕಾ ಇರಲಿಲ್ಲ. ಲಾರಿ ಮಾರಿ ಎಷ್ಟೋ ವರ್ಷ ಆಗಿತ್ತು. ಗಾಜಿನ ಮೇಲಿನ ಹಳದಿ ಅಂಕಿಗಳೂ ಅದರ ಜೊತೆ ಹೋದವು. ಇಲ್ಲಿ ಬರೆದ ಅಂಕಿಗಳೆಲ್ಲ ನನ್ನ ಬಾಯಿಪಾಠದಲ್ಲಿ ಉಳಿದವು.

ಈಗ ಎಫ್ಎಂ ಕಾಲ. ಕೆಲಸದ ಮೇಲೆ ನಾನು ತಿಂಗಳಿಗೆ ಎರಡು ಸಲ ಕಾರಿನಲ್ಲಿ ಕಲಬುರಗಿಯಿಂದ ಬೀದರಿಗೆ ಹೋಗುತ್ತೇನೆ. ಕಮಲಾಪುರದ ತನಕ ಆಕಾಶವಾಣಿ ಚೆನ್ನಾಗಿ ಬರುತ್ತದೆ. ಕೆಂಪು ಬಾಳೆಹಣ್ಣು ಮಾರುವವರನ್ನು ದಾಟಿ ಘಾಟಿಗೆ ಇಳಿದರೆ ಧ್ವನಿ ಹರಿಯಲು ಶುರು. ಹುಮನಾಬಾದ್ ಹತ್ತಿರ ಬರೀ ಸದ್ದು. ಎಫ್ಎಂ ಅಲೆಯ ಉದ್ದ ಮೂರು ಮೀಟರಿನಷ್ಟು ಮಾತ್ರ. ಅದು ನೆಲ ಹಿಡಿದು ಬಾಗುವುದಿಲ್ಲ. ಕಣ್ಣಿಗೆ ಕಾಣುವ ದೂರಕ್ಕಿಂತ ಸ್ವಲ್ಪ ಆಚೆಯವರೆಗೆ, ನೇರ ಗೆರೆಯಲ್ಲಿ ಹೋಗುತ್ತದೆ. ರಾತ್ರಿಯಾದರೂ ಆಕಾಶದ ಪದರ ಅದನ್ನು ವಾಪಸ್ ಕಳಿಸುವುದಿಲ್ಲ. ಧ್ವನಿ ಬಹಳ ಚಂದ, ದೂರ ಕಡಿಮೆ. ಅದಕ್ಕೇ ಊರಿಗೊಂದು ಗೋಪುರ ಬೇಕು. ಪಕ್ಕಪಕ್ಕದ ಗೋಪುರಗಳು ಒಂದೇ ಅಂಕಿಯಲ್ಲಿ ಕೂತರೆ ಜಗಳ, ಅದಕ್ಕೆ ಊರಿಗೊಂದು ಅಂಕಿ. ವಿವಿಧ ಭಾರತಿ ಬೆಂಗಳೂರಿನಲ್ಲಿ 102.9 ಮೆಗಾಹರ್ಟ್ಸ್, ಹೈದರಾಬಾದಿನಲ್ಲಿ 102.8. ಆಕಾಶವಾಣಿಯದ್ದೇ ಇನ್ನೊಂದು ಚಾನೆಲ್ ಎಫ್ಎಂ ರೇನ್‌ಬೋ ಬೆಂಗಳೂರಿನಲ್ಲಿ 101.3, ಹೈದರಾಬಾದಿನಲ್ಲಿ 101.9, ಚೆನ್ನೈನಲ್ಲಿ 101.4, ದೆಹಲಿಯಲ್ಲಿ 102.6. ಮುಂಬೈಗೆ ಹೋದರೆ ಒಮ್ಮೆಲೇ 107.1. ಹೊಸ ಊರಿಗೆ ಹೋದಾಗ 100ರಿಂದ ಶುರುಮಾಡಿ 104ರವರೆಗೆ ಮೆಲ್ಲಗೆ ತಿರುಗಿಸಿ ನೋಡುವುದು ನನ್ನ ರೂಢಿ. ಆಕಾಶವಾಣಿ ಸಾಮಾನ್ಯವಾಗಿ ಅಲ್ಲೇ ಎಲ್ಲೋ ಇರುತ್ತದೆ. ಇಲ್ಲದಿದ್ದರೆ ಕೊನೆಯ ತುದಿಯನ್ನು ನೋಡುತ್ತೇನೆ.

ಬೀದರ್ ಎತ್ತರದ ನೆಲ. ಕೋಟೆಯ ಹತ್ತಿರ ಕಾರು ನಿಲ್ಲಿಸಿ ತಿರುಗಿಸಿದರೆ ಒಮ್ಮೊಮ್ಮೆ ಹೈದರಾಬಾದಿನ ತೆಲುಗು ಸ್ಪಷ್ಟವಾಗಿ ಸಿಕ್ಕಿದ್ದಿದೆ. ಹತ್ತು ಹೆಜ್ಜೆ ಮುಂದೆ ಹೋದರೆ ಮಾಯ.

ಮೊಬೈಲ್ ಇದೆಯಲ್ಲ ಎಂದು ಮಗಳು ಹೇಳುತ್ತಾಳೆ. ನಿಜ. ಆಕಾಶವಾಣಿಯ ಆ್ಯಪ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಚಾನೆಲ್‌ಗಳಿವೆ. ಕಟಕ್, ಧಾರವಾಡ ಎಲ್ಲ ಅಂಗೈಯಲ್ಲಿ. ನಾನೂ ಕೇಳುತ್ತೇನೆ, ಖುಷಿ ಪಡುತ್ತೇನೆ. ಆದರೆ ಗಾಳಿ ಮಳೆಗೆ ಕರೆಂಟ್ ಹೋಗಿ, ಎರಡು ದಿನ ಆಗಿ, ಟವರಿನ ಬ್ಯಾಟರಿಯೂ ಮುಗಿದರೆ ಆ್ಯಪ್ ನಿಲ್ಲುತ್ತದೆ. ಎರಡು ಸೆಲ್ ಹಾಕಿದ ರೇಡಿಯೋ ನಿಲ್ಲುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿಗೆ ಮಹಾಪೂರ ಬಂದಾಗ ಅಫಜಲಪುರ ಕಡೆಯ ನಮ್ಮ ಸಂಬಂಧಿಕರ ಫೋನು ಮೂರು ದಿನ ಹತ್ತಲಿಲ್ಲ. ಅವರ ಮನೆಯಲ್ಲಿ ರೇಡಿಯೋ ಇತ್ತು. ಹಳೆಯದು, ಚೆನ್ನಾಗಿಯೇ ಇತ್ತು. ಆದರೆ ಯಾವ ಅಂಕಿಯಲ್ಲಿ ಏನು ಬರುತ್ತದೆ ಎಂದು ಮನೆಯ ಹುಡುಗರಿಗೆ ಗೊತ್ತಿರಲಿಲ್ಲ. ತಿರುಗಿಸಿದರು, ಸದ್ದು ಬಂತು, ಕೆಟ್ಟಿದೆ ಎಂದು ಮೂಲೆಗೆ ಇಟ್ಟರು. ಇದು ನನ್ನ ಮನಸ್ಸಿಗೆ ಈಗಲೂ ಚುಚ್ಚುತ್ತದೆ. ಮನೆ ಮನೆಯ ಗೋಡೆಗೆ ಕ್ಯಾಲೆಂಡರ್ ಇರುತ್ತದೆ. ರಾಹುಕಾಲ, ಹಬ್ಬ, ಬ್ಯಾಂಕಿನ ರಜೆ ಎಲ್ಲ ಅದರಲ್ಲಿರುತ್ತದೆ. ಕೆಳಗೆ ಒಂದು ಸಾಲು, ನಮ್ಮ ಜಿಲ್ಲೆಯಲ್ಲಿ ಆಕಾಶವಾಣಿ ಯಾವ ಅಂಕಿಯಲ್ಲಿ ಎಂದು ಬರೆದರೆ ಎಷ್ಟು ಜಾಗ ಹಿಡಿದೀತು? ಬಸ್ ಸ್ಟ್ಯಾಂಡಿನಲ್ಲಿ ಬರೆಯಬಹುದು, ಪಂಚಾಯ್ತಿ ಗೋಡೆಗೆ ಬರೆಯಬಹುದು. ನಾನು ನಮ್ಮ ಊರಿನ ಶಾಲೆಯ ಗೋಡೆಗೆ ಬರೆಸಿದ್ದೇನೆ, ಹಳದಿ ಬಣ್ಣದಲ್ಲೇ.

ಅವ್ವ ಈಗ ಕಲಬುರಗಿಯಲ್ಲಿ ನಮ್ಮ ಜೊತೆ ಇದ್ದಾಳೆ. ಎಂಬತ್ತರ ಹತ್ತಿರ. ಮನೆ ಸಿಮೆಂಟಿನದು, ಒಳಗೆ ಕಬ್ಬಿಣದ ಸರಳು. ಸುತ್ತ ಎಲ್‌ಇಡಿ ಬಲ್ಬು, ಚಾರ್ಜರು, ಇನ್ವರ್ಟರು. ಹಳೆಯ ರೇಡಿಯೋದಲ್ಲಿ ಮೀಡಿಯಂ ವೇವ್ ಹಚ್ಚಿದರೆ ಇವೆಲ್ಲದರ ಗುಂಯ್‌ಗುಡುವ ಸದ್ದು ತುಂಬುತ್ತದೆ. ಅದಕ್ಕೇ ಅವಳಿಗೆ ಸಣ್ಣದೊಂದು ಎಫ್ಎಂ ರೇಡಿಯೋ ತಂದುಕೊಟ್ಟೆ. ಹುಡುಕಿ ಹುಡುಕಿ ಮುಳ್ಳಿರುವುದನ್ನೇ ತಂದೆ. ಮಗಳು ಆಕಾಶವಾಣಿ ಬರುವ ಜಾಗದಲ್ಲಿ ಕೆಂಪು ನೈಲ್ ಪಾಲಿಶ್‌ನಿಂದ ಒಂದು ಚುಕ್ಕಿ ಇಟ್ಟಳು. “ಅಮ್ಮಾ, ಮುಳ್ಳು ಚುಕ್ಕಿ ಮ್ಯಾಲ ಇದ್ರ ಸಾಕು” ಎಂದಳು. ಅವ್ವನಿಗೆ ಅದು ಬಹಳ ಹಿಡಿಸಿತು.

ಕಳೆದ ತಿಂಗಳು ಅವ್ವ ಬೀದರಿಗೆ, ಅಕ್ಕನ ಮನೆಗೆ ಹೋದಳು. ರೇಡಿಯೋ ಚೀಲದಲ್ಲಿತ್ತು. ಮರುದಿನ ಬೆಳಿಗ್ಗೆಯೇ ಫೋನು.

“ತಮ್ಮಾ, ಚುಕ್ಕಿ ಮ್ಯಾಲ ಏನೂ ಬರವಲ್ದು.”

“ಅದು ಕಲಬುರಗಿ ಚುಕ್ಕಿ ಯವ್ವಾ. ಬೀದರಕ್ಕ ಬ್ಯಾರೆ ಇರ್ತದ. ಮೆಲ್ಲಕ ತಿರುವು. ಏನ್ ಕೇಳ್ತದ ಹೇಳು.”

ಫೋನಿನಲ್ಲಿ ಗರಗರ ಸದ್ದು. ಆಮೇಲೆ ಹಿಂದಿ ಜಾಹೀರಾತು. ಮತ್ತೆ ಗರಗರ. ಸಣ್ಣಗೆ ತೆಲುಗು.

“ತೆಲುಗು ಬಂತು. ಹಿಂದ ಉಳದೀನಿ” ಎಂದಳು ಅವ್ವ, ತನಗೆ ತಾನೇ.

ಎಫ್ಎಂನಲ್ಲಿ ಆ ಲೆಕ್ಕ ನಡೆಯುವುದಿಲ್ಲ ಎಂದು ಹೇಳಬೇಕೆಂದು ಬಾಯಿ ತೆರೆದೆ. ಹೇಳಲಿಲ್ಲ. ಅವಳು ಇನ್ನೂ ಸ್ವಲ್ಪ ತಿರುವಿದಳು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಕೂತಿದ್ದೆ. ಒಂದು ತಂಬೂರಿ ಶ್ರುತಿ, ಅದರ ಹಿಂದೆ ಒಬ್ಬ ಹೆಣ್ಣುಮಗಳು ಕನ್ನಡದಲ್ಲಿ ಏನೋ ಹೇಳುತ್ತಿದ್ದಳು.

“ಸಿಕ್ತು ನೋಡು” ಎಂದಳು ಅವ್ವ. ಆಮೇಲೆ ಅಕ್ಕನ ಮಗಳನ್ನು ಕೂಗಿದ್ದು ಕೇಳಿಸಿತು: “ಏ ಬಾ ಇಲ್ಲಿ. ನಿನ್ನ ಬಲ್ಲಿ ಯಾವ ಬಣ್ಣದ್ದು ಅದ? ಕೆಂಪು ಬ್ಯಾಡ, ಕೆಂಪು ಕಲಬುರಗಿದು.”